ಬಾಳವ್ವನ ಬಜ್ಜಿಗೆ ಖಾರ ಬಂದದ್ದು

ಲೋಕ ಆಗಷ್ಟೇ ಹುಟ್ಟಿತ್ತು. ಯಾವ ಕಡೆ ಹರಿಯಬೇಕೆಂದು ಹೊಳೆಗಳಿಗೇ ಸರಿಯಾಗಿ ಗೊತ್ತಿರಲಿಲ್ಲ. ಆಗ ಮೆಣಸಿನಕಾಯಿಗೆ ಖಾರವೇ ಇರಲಿಲ್ಲ. ಸೌತೆಕಾಯಿಯ ಹಾಗೆ ತಂಪಾಗಿತ್ತು.

ಆದರೆ ಬಜ್ಜಿ ಮಾತ್ರ ಇತ್ತು. ಬಜ್ಜಿ ಇಲ್ಲದೆ ಲೋಕ ನಡೆಯುವುದುಂಟೆ?

ಮೂರು ದಾರಿ ಕೂಡುವಲ್ಲಿ ಬಾಳವ್ವ ಎಂಬ ಮುದುಕಿ ಒಲೆ ಹೂಡಿದ್ದಳು. ಮುದುಕಿಯಾದರೂ ಅವಳ ಒಂದು ಹಲ್ಲೂ ಅಲುಗಿರಲಿಲ್ಲ. ಮೆಣಸಿನಕಾಯಿ ಸೀಳಿ, ಒಳಗೆ ಉಪ್ಪು ಜೀರಿಗೆ ಸವರಿ, ಕಡಲೆಹಿಟ್ಟಿನಲ್ಲಿ ಅದ್ದಿ ಕರಿಯುತ್ತಿದ್ದಳು. ಮೊದಲ ಬಜ್ಜಿ ಮಾತ್ರ ಯಾರು ಕೇಳಿದರೂ ಇಲ್ಲ. ಅದು ಒಲೆಗೆ. "ದುಡದವ್ರು ಮೊದ್ಲ ಉಣ್ಣಬೇಕು" ಎನ್ನುತ್ತಿದ್ದಳು.

ಒಂದು ದಿನ ಹಿತ್ತಲಿನ ಮೆಣಸಿನ ಗಿಡ ಅಳತೊಡಗಿತು.

"ಯಾಕವ್ವಾ?" ಎಂದಳು ಬಾಳವ್ವ.

"ಊರಾಗ ಉಳಿದ ಗಿಡ ನಾ ಒಬ್ಬಾಕಿ. ಅಳಿಲು, ಇಲಿ, ಮಂಗ್ಯಾ, ಎಲ್ಲಾರೂ ಹಸಿಕಾಯಿ ಇದ್ದಾಗಲೇ ಬೀಜದ ಸಮೇತ ಅರದು ತಿಂತಾರ. ಒಂದ್ ಕಾಯೀನೂ ಹಣ್ಣಾಗವಲ್ದು. ನಾ ಸತ್ತಮ್ಯಾಲೆ ನನ್ನ ಕುಲಾನ ಇಲ್ಲ."

"ಹಣ್ಣಾದ್ರ ಏನಾಕ್ಕೈತಿ?"

"ಪಿಕಳಾರ ಹಕ್ಕಿ ನುಂಗತೈತಿ. ಅದಕ್ಕ ಹಲ್ಲಿಲ್ಲ, ಬೀಜ ಅರಿಯೂದಿಲ್ಲ. ಅದು ಹಿಕ್ಕಿ ಹಾಕಿದಲ್ಲೆಲ್ಲಾ ನನ್ನ ಮಕ್ಕಳು ಏಳತಾವ."

ಬಾಳವ್ವ ಗಿಡ ನೋಡಿದಳು. ಉಳಿದದ್ದು ಏಳೇ ಕಾಯಿ. ಗಿಡ ಹೋದರೆ ಬಜ್ಜಿಯೂ ಹೋಯಿತು, ಅವಳ ಬಾಳೂ ಹೋಯಿತು.

ಅವತ್ತು ಬಜ್ಜಿ ಕರಿಯಲಿಲ್ಲ. ಕೋಲು ಹಿಡಿದು ಗಿಡದ ಮುಂದೆ ಕೂತಳು. ಮುಂದಿನಿಂದ ಮಂಗನನ್ನು ಓಡಿಸುವಷ್ಟರಲ್ಲಿ ಹಿಂದಿನಿಂದ ಅಳಿಲು ಬಂದು ಒಂದು ಕಾಯಿ ಕಚ್ಚಿಕೊಂಡು ಓಡಿತು. "ಅಜ್ಜೀ, ಭಾಳ ಸಿಹಿ ಐತಿ!" ಎಂದು ಮರದ ಮೇಲಿನಿಂದ ಅಣಕಿಸಿತು.

ಬಾಳವ್ವ ನೇರ ಒಲೆಯ ಮುಂದೆ ಹೋಗಿ ಕೂತಳು. "ದಿನಾ ಮೊದಲ ಬಜ್ಜಿ ನಿನಗ ಹಾಕೇನಿ. ಇವತ್ತ ನೀ ನನಗ ಏನರ ಕೊಡು."

ಒಲೆ ಚಟಪಟ ಎಂದಿತು. "ಒಂದು ಕೆಂಡ ಒಯ್ದು ಗಿಡದ ಬುಡಕ್ಕ ಹುಗಿ. ನನ್ನ ಉರಿ ಕಾಯಿಗೆ ಏರತೈತಿ. ಯಾರ ಬಾಯಿ ಉರೀಬೇಕು, ಒಂದ ಮಾತಿನಾಗ ಹೇಳು. ಆದ್ರ ನೆನಪಿಡು, ಒಲಿಯಿಂದ ಹೋದ ಕೆಂಡ ಒಲಿಗೆ ವಾಪಸ್ ಬರೂದಿಲ್ಲ."

ಪಕ್ಕದ ಮನೆಯಿಂದ ಕೆಂಡ ತರುವ ಹಾಗೆ, ಬಾಳವ್ವ ಸಗಣಿ ಕುಳ್ಳಿನ ಚೂರಿನ ಮೇಲೆ ಕೆಂಡ ಇಟ್ಟುಕೊಂಡು ನಡೆದಳು. ಅಳಿಲು ಎನ್ನಲೇ? ಇಲಿ ಬಿಟ್ಟುಹೋಗುತ್ತದೆ. ಇಲಿ ಎನ್ನಲೇ? ಮಂಗ ಉಳಿಯುತ್ತದೆ. ಕೆಂಡ ಹುಗಿದು, ಸಿಟ್ಟಿನಲ್ಲಿ ಕೂಗಿದಳು: "ಹಲ್ಲಿದ್ದವರ ಬಾಯೆಲ್ಲಾ ಉರೀಲಿ!"

ಮರುದಿನ ಅಳಿಲು ಒಂದು ಕಾಯಿ ಕಚ್ಚಿ, ಕಿರುಚುತ್ತಾ ಹೊಳೆಗೆ ಹಾರಿತು. ಮತ್ತೆ ಯಾರೂ ಗಿಡದ ಹತ್ತಿರ ಸುಳಿಯಲಿಲ್ಲ. ಉಳಿದ ಐದು ಕಾಯಿ ಕೆಂಪಗೆ ಹಣ್ಣಾದವು.

ಪಿಕಳಾರ ಬಂದು ಐದನ್ನೂ ನುಂಗಿತು. ಉರಿ ಅದರ ಬಾಯಿಯಲ್ಲಿ ಹಲ್ಲು ಹುಡುಕಿತು, ಸಿಗಲಿಲ್ಲ. ಗಂಟಲಲ್ಲಿ ಹುಡುಕಿತು, ಹೊಟ್ಟೆಯಲ್ಲಿ ಹುಡುಕಿತು. ಎಲ್ಲೂ ನಿಲ್ಲಲು ಜಾಗ ಸಿಗದೆ ಬಾಲದ ಕೆಳಗಿಂದ ಹೊರಬಿತ್ತು. ಆ ಮಳೆಗಾಲ ಬೇಲಿಯುದ್ದಕ್ಕೂ ಮೆಣಸಿನ ಸಸಿ ಎದ್ದವು.

ಬಾಳವ್ವ ಖುಷಿಯಿಂದ ಹೊಸ ಕಾಯಿ ಕಿತ್ತು ಬಜ್ಜಿ ಕರಿದಳು. ಮೊದಲನೆಯದು ಒಲೆಗೆ. ಎರಡನೆಯದನ್ನು ತಾನೇ ಕಚ್ಚಿದಳು.

"ಅಯ್ಯಯ್ಯೋ! ನನಗೂ ಹಲ್ಲದಾವಲ್ಲೇ!"

ಒಲೆ ನಕ್ಕಿತೇ ಹೊರತು ಕೆಂಡ ವಾಪಸ್ ತೆಗೆದುಕೊಳ್ಳಲಿಲ್ಲ. ಬಜ್ಜಿಗೆ ಬಂದವರೆಲ್ಲ ಕಣ್ಣು ಮೂಗು ಒರೆಸಿಕೊಂಡರು, ಬಾಳವ್ವನನ್ನು ಬೈದರು. ಬೈದು ಮುಗಿಸಿ, "ಇನ್ನೊಂದ್ ಕೊಡಬೇ" ಎಂದು ಕೈ ಚಾಚಿದರು.

ಅದಕ್ಕೇ ಇವತ್ತಿಗೂ ನೀವು ಬಜ್ಜಿ ಕಚ್ಚಿ ಹಾ ಹಾ ಎನ್ನುವಾಗ, ಪಿಕಳಾರ ಬೇಲಿಯ ಮೇಲೆ ಕೂತು ಮೆಣಸಿನ ಹಣ್ಣನ್ನು ಸುಮ್ಮನೆ ನುಂಗುತ್ತಿರುತ್ತದೆ. ಅದರ ಬಾಲದ ಕೆಳಗೆ ನೋಡಿ, ಉರಿ ಹೊರಬಿದ್ದ ಜಾಗ ಇನ್ನೂ ಕೆಂಪಗಿದೆ.