ದುಡಿಯುವ ನೀಲವ್ವನ ಜೀವನಾಂಶ

"ಕೇಳಿರಪ್ಪೋ ಕೇಳಿರಿ! ಗಂಡಹೆಂಡಿರು ಬೇರೆಯಾಗುವ ಸೋಡಚೀಟಿ ವ್ಯಾಜ್ಯ ಕೇಳಿ ಕೇಳಿ ದೊರೆಗೆ ಸಾಕಾಗಿದೆ. ಮೂರು ಒಗಟು ಬಿಡಿಸಿದವನ ಮಾತೇ ಇನ್ನು ಜೀವನಾಂಶದ ಕಟ್ಟಳೆ. ತಪ್ಪಿದವನಿಗೆ ತಲೆದಂಡ!"

ಡಂಗುರ ಕೇಳಿದಾಗ ಫಕೀರಪ್ಪ ಹಿತ್ತಾಳೆ ಪಾತ್ರೆಗೆ ಕಲಾಯಿ ಹಾಕುತ್ತಿದ್ದ. ಅವನ ತಂಗಿ ನೀಲವ್ವನನ್ನು ಗಂಡ ಬಿಟ್ಟು ಏಳು ವರ್ಷ. "ಕೌದಿ ಹೊಲಿದು ದುಡೀತಾಳಲ್ಲ, ನಾ ಯಾಕ ಕೊಡ್ಲಿ?" ಅನ್ನುತ್ತಿದ್ದ ಆ ಜವಳಿ ವ್ಯಾಪಾರಿ. ತಿಂಗಳಿಗೆ ಐವತ್ತು ರೂಪಾಯಿ ಕೊಡಿಸಿರೆಂದು ದೊರೆಯ ನ್ಯಾಯದ ಕಟ್ಟೆಗೆ ಅಣ್ಣತಂಗಿ ಅಲೆದೂ ಅಲೆದೂ ಹೈರಾಣಾಗಿದ್ದರು. ತಲೆ ಹೋದರೆ ಅಲೆದಾಟವಾದರೂ ತಪ್ಪೀತು ಎಂದು ಫಕೀರಪ್ಪ ತಂಗಿಯನ್ನು ಕರೆದುಕೊಂಡು ಹೊರಟೇಬಿಟ್ಟ.

ದೊರೆ ಆಕಳಿಸುತ್ತಲೇ ಕೇಳಿದ: "ಹೆಣ್ಣು ಕೇಳುವಾಗ ಆನೆ, ಜೀವನಾಂಶ ಕೇಳಿದಾಗ ಇಲಿ, ಏನದು? ಮನೆಯಲ್ಲಿ ಹಗಲೆಲ್ಲ ನಡೆಯುತ್ತದೆ, ಯಾವ ಕಡತದಲ್ಲೂ ಹೆಸರಿಲ್ಲ, ಏನದು? ಗಂಡನ ಗಳಿಕೆ ತಿಂಗಳಿಗೆ ನೂರು, ಹೆಂಡತಿಯದು ಇಪ್ಪತ್ತು. ಬೇರೆಯಾದರೆ ಅವನು ಕೊಡಬೇಕಾದ್ದೆಷ್ಟು?"

ಪಂಡಿತನೊಬ್ಬ ಮೊದಲನೆಯದಕ್ಕೇ "ಗಂಡಸಿನ ಧೈರ್ಯ" ಅಂದ. ಎಳೆದೊಯ್ದರು, ಪಾಪ! ಶಾನುಭೋಗ ಮೊದಲೆರಡನ್ನು ಬಿಟ್ಟು ಕೊನೆಯದಕ್ಕೇ ಕೈಹಾಕಿ, "ದುಡಿಯುವವಳಿಗೆ ಏನೂ ಬೇಡ" ಅಂದ. ಅವನನ್ನೂ ಎಳೆದೊಯ್ದರು. "ಗಂಡನ ನೂರರಲ್ಲಿ ಅರ್ಧ, ಐವತ್ತು" ಅಂದ ಸಾಹುಕಾರನ ಗತಿಯೂ ಅದೇ ಆಯಿತು.

ಫಕೀರಪ್ಪ ಮುಂದೆ ಬಂದ. ಜವಳಿ ವ್ಯಾಪಾರಿಯ ಗಳಿಕೆಯೂ ನೂರೇ, ನೀಲವ್ವನದೂ ಇಪ್ಪತ್ತೇ. ನೀಲವ್ವ ಕೇಳಿದ್ದೂ ಐವತ್ತೇ ಅಲ್ಲವೇ?

"ಮೊದಲನೇದು ಗಂಡನ ಗಳಿಕೀರಿ," ಅಂದ. "ಹೆಣ್ಣು ಕೇಳಾಕ ಬಂದಾಗ ಉಬ್ಬತೈತಿ, ನ್ಯಾಯದ ಕಟ್ಟೆಗೆ ಬಂದಾಗ ಕುಗ್ಗತೈತಿ. ಎರಡನೇದು ಹೆಂಡತಿ ಮನೆಗೆಲಸ. ನಾ ಪಾತ್ರೆ ಇಸ್ಕೊಳ್ಳಾಕ ಊರ ಅಡಿಗಿಮನಿ ಎಲ್ಲಾ ನೋಡೀನಿ, ಯಾರೂ ಅದನ್ನ ಬರದಿಟ್ಟಿಲ್ಲ."

"ಮೂರನೆಯದು?"

ತಂಗಿಯ ಮುಖ ನೋಡಲಾಗಲಿಲ್ಲ ಅವನಿಗೆ. "ನಲವತ್ತು, ದೊರೆ. ಕೂಡಿದ್ದಾಗ ಇಬ್ಬರೂ ನೂರಾಇಪ್ಪತ್ತರಾಗ ಉಂಡರು. ಮನೆಗೆಲಸ ಆಕಿ ಮಾಡಿದ್ದಕ್ಕ ಅವಂಗ ನೂರು ಗಳಸಾಕ ಆತು. ಅದಕ್ಕ ಅರವತ್ತು ಅರವತ್ತು. ಆಕಿ ಗಳಿಸೋ ಇಪ್ಪತ್ತು ಕಳದರ ನಲವತ್ತು. ಆಕಿ ದುಡಿತಾಳಂತ ಅವ ಕೈ ಎತ್ತಂಗಿಲ್ಲ, ಆಕಿ ದುಡಿಮಿ ಮುಚ್ಚಿಡಂಗೂ ಇಲ್ಲ."

ದೊರೆಯ ಆಕಳಿಕೆ ನಿಂತಿತು. "ಭಲೇ! ಇದೇ ಕಟ್ಟಳೆ. ಮಗಳನ್ನು ಕೊಟ್ಟು ಮದುವೆ ಮಾಡುತ್ತೇನೆ."

"ಮದುವಿ ಸಹವಾಸ ಬ್ಯಾಡ್ರಿ ದೊರೆ! ತಂಗೀದು ಏಳು ವರ್ಷದ ಬಾಕಿ ಇವತ್ತ ಕೊಡಸ್ರಿ. ನಾಳೆ ಬಾ ಅನಬ್ಯಾಡ್ರಿ."

ಸಂಜೆಯೊಳಗೆ ವ್ಯಾಪಾರಿಯಿಂದ ವಸೂಲಾಗಿ ಹಣದ ಗಂಟು ನೀಲವ್ವನ ಮಡಿಲಿಗೆ ಬಂತು.

"ತಿಂಗಳಿಗೆ ಹತ್ತು ಕಡಿಮಿ ಆತವಾ," ಅಂದ ಫಕೀರಪ್ಪ.

"ಆಗಲಿ ಬಿಡಣ್ಣ. ನಾಳೆ ಮತ್ತ ಇಲ್ಲಿಗೆ ಬರೂದೈತೇನು?"

"ಇಲ್ಲ."

ನೀಲವ್ವ ಅಲ್ಲೇ ಕಂಬಕ್ಕೊರಗಿ ಮುಖ ತಗ್ಗಿಸಿದಳು. ಅಳುತ್ತಾಳೇನೋ ಎಂದು ಅಣ್ಣ ಬಗ್ಗಿ ನೋಡಿದ. ಅವಳಿಗೆ ನಿದ್ದೆ ಹತ್ತಿತ್ತು.