ಬೀದಿಬೀದಿಗೂ ಅದೇ ವಾಸನೆ

ಒಂದು ಕರಡಿ ಪಿಜ್ಜಾ ಅಂಗಡಿ ಇಟ್ಟಿತ್ತು. ಕಣ್ಣು ಕಾಣದ ಮುದಿ ಮುಂಗುಸಿಯೊಂದು ವಾಸನೆ ಹಿಡಿದು ದಿನವೂ ಅಲ್ಲಿಗೆ ಬಂದು, ಕರಡಿಯೊಡನೆ ಹರಟುತ್ತ ತಿನ್ನುತ್ತಿತ್ತು. ಅಂಗಡಿಗೆ ಹೆಸರು ಬಂದಾಗ ಕರಡಿ ಕೇಳಿದವರಿಗೆಲ್ಲ ಫ್ರಾಂಚೈಸಿ ಕೊಟ್ಟಿತು. ಬೀದಿಬೀದಿಯಲ್ಲೂ ಅದೇ ಅಂಗಡಿ ಎದ್ದಿತು.

ಒಂದು ದಿನ ತಪಾಸಣೆಗೆ ಹೊರಟ ಕರಡಿಗೆ ಒಂದು ಅಂಗಡಿಯ ಮೆಟ್ಟಿಲ ಮೇಲೆ ಮುಂಗುಸಿ ಕಂಡಿತು.

"ಇಲ್ಲೇಕೆ ಕುಳಿತಿದ್ದೀರಿ, ಅಜ್ಜಿ?"

"ನಿನ್ನನ್ನೇ ಹುಡುಕುತ್ತಿದ್ದೆ ಮಗನೇ. ಮೊದಲು ಈ ವಾಸನೆ ಹಿಡಿದು ಬಂದರೆ ನೀನು ಸಿಗುತ್ತಿದ್ದೆ. ಈಗ ಎತ್ತ ತಿರುಗಿದರೂ ಇದೇ ವಾಸನೆ. ಒಂಬತ್ತು ಅಂಗಡಿ ಹೊಕ್ಕೆ, ಎಲ್ಲೂ ನೀನಿಲ್ಲ. ನೀನು ಬೇಯಿಸುವುದು ಯಾವುದರಲ್ಲಿ?"

ಕರಡಿ ತಲೆ ತಗ್ಗಿಸಿತು. "ಈಗ ಯಾವುದರಲ್ಲೂ ಇಲ್ಲ, ಅಜ್ಜಿ."

ಅದು ಮುಂಗುಸಿಯನ್ನು ಕೈಹಿಡಿದು ಮನೆ ಮುಟ್ಟಿಸಿತು. ಆ ವಾಸನೆ ಇನ್ನು ಕರಡಿಯ ಬಳಿಗೆ ಒಯ್ಯದೆಂದು ತಿಳಿದ ಮುಂಗುಸಿ ಮರುದಿನದಿಂದ ಹುಡುಕಿಕೊಂಡು ಹೊರಡಲಿಲ್ಲ.