ಮೂರನೇ ಆನೆ

"ಕೇಳ್ರಪ್ಪೋ ಕೇಳ್ರಿ! ದೊರೆಮಗಳು ಪದುಮಲೆ ಮೂರು ಒಗಟು ಹಾಕ್ತಾರೆ. ಬಿಡಿಸಿದವನಿಗೆ ಅರ್ಧ ರಾಜ್ಯ, ತಪ್ಪಿದವನ ತಲೆ ಕೋಟೆ ಬಾಗಿಲಿಗೆ!"

ಕಲ್ಲಂಕಣಿಯ ಬೀದಿಗಳಲ್ಲಿ ಹೀಗೆ ಮತ್ತೊಮ್ಮೆ ಡಂಗುರ ಹೊರಟಾಗ ಕೋಟೆ ಬಾಗಿಲಲ್ಲಿ ಆಗಲೇ ತಲೆಗಳ ಸಾಲಿತ್ತು. ಆದರೂ ಬರುವವರು ಬರುತ್ತಲೇ ಇದ್ದರು. ಅತಿಯಾಸೆ ಗತಿಗೇಡು ಎಂದು ಕೈತೊಳೆದುಕೊಳ್ಳುವುದು ಸುಲಭ. ನನಗೆ ಮಾತ್ರ ಅವರನ್ನು ನೆನೆದರೆ ಕರುಳು ಚುರ್ ಎನ್ನುತ್ತದೆ.

ಅದೇ ಊರಿನ ಕಂಬಳಿ ನೇಯುವ ಸಣ್ಣೀರನ ಚಿಂತೆ ಬೇರೆ. ದೊರೆ ಅರಮನೆಯ ಮುಂದೆ ನಿಲ್ಲಿಸಿದ್ದ ಆನೆರಾಟೆಯ ಜೂಜು ಅವನ ಅವ್ವ ಕಾಳವ್ವನನ್ನು ಹಿಡಿದುಕೊಂಡಿತ್ತು. ಒಂದೊಂದರ ಮೇಲೂ ಗಿಳಿ, ಮಾವು, ಆನೆ ಬರೆದ ಮೂರು ಮರದ ಉರುಳೆಗಳು. ಕಾಸು ಹಾಕಿ ಹಗ್ಗ ಎಳೆದರೆ ಗಿರ್ರನೆ ತಿರುಗುತ್ತವೆ, ಮೂರು ಆನೆ ಸಾಲಾಗಿ ನಿಂತರೆ ಚೀಲದ ತುಂಬ ಹೊನ್ನು. ಗಂಡ ತೀರಿದ ಮೇಲೆ ಕಾಳವ್ವ ದಿನವೂ ಅಲ್ಲೇ. ಕುರಿ ಹೋದವು, ಮಗ್ಗ ಹೋಯಿತು. ಬೈದರೆ ಅಳುತ್ತಾಳೆ, ಅತ್ತು ಮತ್ತೆ ಹೋಗುತ್ತಾಳೆ. ರಾಟೆ ನಿಲ್ಲಿಸಬೇಕಾದರೆ ರಾಜ್ಯವೇ ಕೈಗೆ ಬರಬೇಕು ಎಂದುಕೊಂಡು ಸಣ್ಣೀರ ಅರಮನೆಗೆ ನಡೆದ.

ಅವನ ಮುಂದೆ ಒಬ್ಬ ಪಾಳೆಯಗಾರನ ಮಗ, ಒಬ್ಬರು ಶಾಸ್ತ್ರಿಗಳು ನಿಂತಿದ್ದರು. ಪದುಮಲೆ ಕೇಳಿದಳು: "ಬಂದೇಬಿಟ್ಟಿತು ಅನ್ನಿಸಿ ಬಾರದೆ ಹೋಗುತ್ತದೆ. ಬಾರದೆ ಹೋಯಿತೆಂದೇ ಜನ ಮತ್ತೆ ಕಾಯುತ್ತಾರೆ. ಯಾವುದದು?"

"ಮಳೆ," ಎಂದ ಪಾಳೆಯಗಾರನ ಮಗ. ಸಂಜೆ ತಲೆ ತೆಗೆಯಲೆಂದು ಅವನನ್ನು ಸೆರೆಗೆ ಎಳೆದೊಯ್ದರು.

"ಮೋಕ್ಷ," ಎಂದರು ಶಾಸ್ತ್ರಿಗಳು. ಪಾಪ, ಅವರನ್ನೂ ಎಳೆದೊಯ್ದರು.

ಸಣ್ಣೀರ ಮುಂದೆ ಬಂದ. "ಮೂರನೇ ಆನೆ, ಅಮ್ಮಣ್ಣಿ. ಎರಡು ಆನೆ ನಿಂತು ಮೂರನೇದು ಒಂದು ಬೆರಳು ಜಾರಿದ್ರೆ ನಮ್ಮವ್ವ ಸೋತೆ ಅನ್ನಲ್ಲ. 'ಇನ್ನೊಂದ್ ಚೂರು ಇತ್ತು ಕಣೋ' ಅಂತಾಳೆ."

ದೊರೆ ಹುಬ್ಬು ಗಂಟಿಕ್ಕಿದ. ಮಗಳು ಹೌದೆಂದು ತಲೆಯಾಡಿಸಿ ಎರಡನೆಯದು ಕೇಳಿದಳು.

"ಒಬ್ಬನ ಕೈಗೆ ಬಿದ್ದರೆ ಊರಿಗೆಲ್ಲ ಕೇಳುತ್ತದೆ, ಊರವರೆಲ್ಲರ ಕೈಯಿಂದ ಬಿದ್ದರೂ ಯಾರಿಗೂ ಕೇಳುವುದಿಲ್ಲ. ಏನದು?"

"ದುಡ್ಡು. ಒಬ್ಬ ಗೆದ್ರೆ ಅರಮನೆಯೋರು ನಗಾರಿ ಬಾರಿಸ್ತಾರೆ. ಸೋತೋರು ಸುಮ್ನೆ ತಲೆ ತಗ್ಗಿಸ್ಕೊಂಡು ಮನೆಗೆ ಬರ್ತಾರೆ. ಊರಿಗೆ ಕೇಳೋದು ನಗಾರಿ ಒಂದೇ."

ಅದೂ ಸರಿಯಾಗಿತ್ತು. ಮೂರನೆಯದಕ್ಕೆ ಪದುಮಲೆಯ ದನಿ ಇಳಿಯಿತು. "ಉಪ್ಪರಿಗೆಯಿಂದ ದಿನವೂ ಆ ರಾಟೆ ನೋಡುತ್ತೇನೆ, ಆ ತಲೆಗಳನ್ನೂ ನೋಡುತ್ತೇನೆ. ಸೋಲು ಗೊತ್ತಿದ್ದೂ ಯಾಕೆ ಬರುತ್ತೀರಿ? ಇದರ ಉತ್ತರ ನನಗೂ ಗೊತ್ತಿಲ್ಲ. ನಿಜ ಹೇಳಿದರೆ ಅದು ನಿಜವೆಂದು ನನಗೆ ತಿಳಿಯುತ್ತದೆ."

ಸಣ್ಣೀರ ತಲೆಯೆತ್ತಿ ಅವಳನ್ನು ನೋಡಿದ.

"ಹಗ್ಗ ಎಳೆದ ಮೇಲೆ ಉರುಳೆ ನಿಲ್ಲೋ ತನಕ ನಮ್ಮವ್ವ ಬಡವಿ ಅಲ್ಲ, ಗಂಡ ಸತ್ತೋಳೂ ಅಲ್ಲ. ಆ ಗಳಿಗೆಗೋಸ್ಕರಾನೇ ಅವಳು ಕಾಸು ಕೊಡೋದು. ನೀವು ಒಗಟು ಹಾಕಿದ ಮೇಲೆ ಉತ್ತರಕ್ಕೆ ಬಾಯಿ ತೆಗೆಯೋ ತನಕ ನಾವೂ ಅರ್ಧ ದೊರೆಗಳೇ. ಆ ತಲೆಗಳನ್ನ ಎಲ್ಲರೂ ನೋಡ್ತೀವಿ, ಅಮ್ಮಣ್ಣಿ. ಅವು ಬೇರೆಯೋರವು ಅಂದ್ಕೋತೀವಿ. ನಾನೂ ಹಂಗೇ ಅಂದ್ಕೊಂಡು ಬಂದೆ."

ಪದುಮಲೆಯ ಕಣ್ಣು ತುಂಬಿತು. "ನಿಜ," ಎಂದಳು.

"ಯಾವ ಅರ್ಧ ಬೇಕು?" ಎಂದು ದೊರೆ ಕೇಳಿದ.

"ರಾಟೆ ಇರೋ ಅರ್ಧ."

ದೊರೆಯ ಬೊಕ್ಕಸ ತುಂಬುತ್ತಿದ್ದುದೇ ಅದರಿಂದ. ಆದರೆ ಕೊಟ್ಟ ಮಾತು, ಸಭೆಯೆಲ್ಲ ಕೇಳಿತ್ತು. ಸಣ್ಣೀರ ಮೊದಲು ಸೆರೆಯಲ್ಲಿದ್ದ ಇಬ್ಬರನ್ನೂ ಬಿಡಿಸಿದ, ತಲೆಗಳನ್ನು ಇಳಿಸಿ ಮಣ್ಣು ಮಾಡಿಸಿದ. ಆಮೇಲೆ ಹೋಗಿ ರಾಟೆಯ ಹಗ್ಗ ಕಡಿದ.

ಕಾಳವ್ವ ಅವನ ಮೇಲೆ ಏರಿ ಬಂದಳು. "ಇವತ್ತು ಬಂದೇಬಿಡೋದು ಕಣೋ! ಎಂಥ ಕೆಲ್ಸ ಮಾಡ್ದೆ!"

ಅಷ್ಟರಲ್ಲಿ ಯಾರೋ ಸಭೆಯಲ್ಲಿ ನಡೆದದ್ದನ್ನು ಅವಳಿಗೆ ಹೇಳಿದರು. ಅವಳ ಮುಖ ಬಿಳಿಚಿತು.

"ಅಷ್ಟೊಂದು ತಲೆ ಕಣ್ಣಾರೆ ನೋಡಿಯೂ ಒಳಗೆ ಹೋದ್ಯಾ? ಬುದ್ಧಿ ಎಲ್ಲಿಟ್ಟಿದ್ದೆ?"

"ನಾನು ನಿನ್ನ ಮಗ ಅಲ್ವೇನವ್ವ," ಎಂದ ಸಣ್ಣೀರ.

ಕಾಳವ್ವ ಅವನನ್ನು ಹತ್ತಿರಕ್ಕೆ ಎಳೆದುಕೊಂಡಳು. ಅವನ ಕತ್ತನ್ನು ತಡವಿ ತಡವಿ ನೋಡಿ ಅತ್ತಳು. ಅವತ್ತಿಡೀ ಆನೆಯ ಮಾತೆತ್ತಲಿಲ್ಲ. ಮರುದಿನದ್ದು ನನಗೆ ಗೊತ್ತಿಲ್ಲ.